ಫಾರಂ ನಂಬರ್ 7: ಕರಾವಳಿಯ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು ಹೇಗೆ?

"ಉಳುವವನೇ ಹೊಲದೊಡೆಯ" ಅಂದ ಕೂಡಲೇ ದೇವರಾಜ ಅರಸು ನೆನಪಾಗುತ್ತಾರೆ. ಸರಿಯೇ. ಆದರೆ ಒಂದು ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಭೂಸುಧಾರಣಾ ಕಾಯ್ದೆ ಅರಸು ಕಾಲದಲ್ಲಿ ಹುಟ್ಟಿದ್ದಲ್ಲ. ಅದು 1961ರದ್ದು, ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ರಂದು. ಅರಸು ಸರ್ಕಾರ ಮಾಡಿದ್ದು ಅದಕ್ಕೊಂದು ತಿದ್ದುಪಡಿ. 1974ರ ಮಾರ್ಚ್ 1ರಿಂದ ಆ ತಿದ್ದುಪಡಿ ಜಾರಿಯಾಯಿತು. ಕಾಯ್ದೆಯ ಹೆಸರು ಹೆಚ್ಚು ಕಡಿಮೆ ಅದೇ, ಉದ್ದೇಶವೂ ಅದೇ. ಮೊದಲ ಕಾಯ್ದೆ ಇದ್ದಾಗ ಗೇಣಿದಾರರು ಭೂಮಿ ಕಳೆದುಕೊಂಡರು. ತಿದ್ದುಪಡಿ ಬಂದ ಮೇಲೆ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಿದ್ದವು, ಅರ್ಧಕ್ಕಿಂತ ಹೆಚ್ಚು ಅರ್ಜಿಗಳಲ್ಲಿ ಗೇಣಿದಾರನೇ ಗೆದ್ದ.

ನಡುವೆ ಏನು ಬದಲಾಯಿತು? "ಅರಸುಗೆ ಇಚ್ಛಾಶಕ್ತಿ ಇತ್ತು" ಎನ್ನುವುದು ಎಲ್ಲರೂ ಕೊಡುವ ಉತ್ತರ. ಇತ್ತು, ನಿಜ. ಆದರೆ ಬೆಂಗಳೂರಿನಲ್ಲಿ ಕೂತವರ ಇಚ್ಛಾಶಕ್ತಿ ಬೆಳ್ತಂಗಡಿಯ ಗದ್ದೆ ಬದುವಿನವರೆಗೆ ತಾನಾಗಿ ನಡೆದುಕೊಂಡು ಬರುವುದಿಲ್ಲ ಅಲ್ವಾ? ವಿಚಾರಣೆ ಮಾಡುವವರು ಯಾರು, ಸಾಬೀತು ಮಾಡಬೇಕಾದವರು ಯಾರು, ಯಾವ ದಿನದ ಸ್ಥಿತಿ ಲೆಕ್ಕಕ್ಕೆ, ಸೋತವರು ಮುಂದೆ ಎಲ್ಲಿಗೆ ಹೋಗಬಹುದು. ಫಲಿತಾಂಶ ತಿರುಗಿದ್ದು ಇಂಥ ಸಣ್ಣ ಸಣ್ಣ ನಿಯಮಗಳಿಂದ. ಯಾರಿಗೆ ಏನೂ ಸಿಗಲಿಲ್ಲ ಎನ್ನುವುದನ್ನು ತೀರ್ಮಾನ ಮಾಡಿದ್ದೂ ಅದೇ ನಿಯಮಗಳು. ಇಲ್ಲಿ ನಾನು ಹಿಡಿದುಕೊಂಡಿರುವುದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ, ಅಂದರೆ ಈಗಿನ ದಕ್ಷಿಣ ಕನ್ನಡ ಮತ್ತು ಉಡುಪಿ. ಮಧ್ಯೆ ಘಟ್ಟದ ಮೇಲಿನ ಸಾಗರ ತಾಲ್ಲೂಕಿಗೂ ಒಮ್ಮೆ ಹೋಗಿ ಬರಬೇಕಾಗುತ್ತದೆ.

ಗೇಣಿ ಅಂದರೆ ಏನಿತ್ತು

ಕರಾವಳಿಯಲ್ಲಿ ಗೇಣಿಯೂ ಒಂದೇ ಥರ ಇರಲಿಲ್ಲ. ಮೂಲಗೇಣಿ ಶಾಶ್ವತ. ಗೇಣಿ ದರ ನಿಗದಿಯಾಗಿರುತ್ತಿತ್ತು, ಸುಮ್ಮನೆ ಎಬ್ಬಿಸುವ ಹಾಗಿರಲಿಲ್ಲ. ವಾಯಿದೆಗೇಣಿ ಇಷ್ಟು ವರ್ಷಕ್ಕೆ ಅಂತ. ಇನ್ನು ಚಾಲಗೇಣಿ. ಅದು ಧಣಿಯ ಮರ್ಜಿ ಇರುವ ತನಕ. ಬಹುಪಾಲು ಬಡ ಒಕ್ಕಲುಗಳದ್ದು ಈ ಚಾಲಗೇಣಿಯೇ. ಎಷ್ಟೋ ಕಡೆ ಮೂಲಗೇಣಿ ಹಿಡಿದವರು ತಾವು ಉಳುತ್ತಿರಲಿಲ್ಲ, ಕೆಳಗೆ ಇನ್ನೊಬ್ಬರಿಗೆ ಚಾಲಗೇಣಿಗೆ ಕೊಟ್ಟು ನಡುವಿನ ಲಾಭ ತಿನ್ನುತ್ತಿದ್ದರು. ಒಂದೇ ಗದ್ದೆಯ ಮೇಲೆ ಮೂರು ಜನರ ಹಕ್ಕು. ಕೆಸರಿನಲ್ಲಿ ನಿಂತವನು ಮಾತ್ರ ಒಬ್ಬನೇ.

ಗೇಣಿ ಲೆಕ್ಕ ಮುಡಿ ಅಕ್ಕಿಯಲ್ಲಿ (ಮುಡಿ ಅಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ). ಮಳೆ ಕೈಕೊಟ್ಟರೂ ಮುಡಿ ಕಡಿಮೆ ಆಗುತ್ತಿರಲಿಲ್ಲ. ಇದರ ಜೊತೆಗೆ ಹಬ್ಬ ಬಂದರೆ ಬಾಳೆಗೊನೆ, ತರಕಾರಿ, ಧಣಿಯ ಮನೆಯ ಮದುವೆಗೆ ಬಿಟ್ಟಿ ದುಡಿಮೆ. ಮುಖ್ಯವಾದ ಮಾತೆಂದರೆ ಕಾಗದ ಇರುತ್ತಿರಲಿಲ್ಲ. ಗೇಣಿ ಹೊತ್ತು ಹಾಕಿದ್ದಕ್ಕೆ ರಸೀದಿ ಕೊಡುವ ಧಣಿಗಳೂ ಇದ್ದರು, ಇರಲಿಲ್ಲ ಅಂತಲ್ಲ. ಆದರೆ ರಸೀದಿ ಕೇಳುವ ಧೈರ್ಯ ಎಲ್ಲ ಒಕ್ಕಲಿಗೂ ಎಲ್ಲಿಂದ ಬರಬೇಕು? ಮೂರು ತಲೆಮಾರು ಒಂದೇ ಗದ್ದೆ ಉತ್ತರೂ ಸರ್ಕಾರದ ಪುಸ್ತಕದಲ್ಲಿ ಆ ಮನುಷ್ಯ ಇಲ್ಲವೇ ಇಲ್ಲ.

ಘಟ್ಟದ ಮೇಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತಲ್ಲ, ಅಲ್ಲಿ ಜಗಳ ಎದ್ದಿದ್ದು ಕೊಳಗದ ಮೇಲೆ. ಗೇಣಿ ಅಳೆದುಕೊಳ್ಳುವ ಕೊಳಗ ಮೂರು ಸೇರಿನದಾಗಿರಬೇಕು ಎಂದು ಒಕ್ಕಲುಗಳು ಕೇಳಿದರು. ಧಣಿಗಳ ಕೊಳಗ ಅದಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪ ದೀವರ ಸಮುದಾಯದ ಒಕ್ಕಲುಗಳನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರ ಚುನಾವಣೆಯಲ್ಲಿ ಆ ಸಮಾಜವಾದಿಗಳಲ್ಲೊಬ್ಬರಾದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ನೋಡಿ, ಭೂಮಿ ಬೇಕು ಅನ್ನುವುದಕ್ಕಿಂತ ಮೊದಲು ಆ ಜನ ಕೇಳಿದ್ದು ಅಳತೆಯ ಪಾತ್ರೆ ಸರಿ ಇರಲಿ ಎಂದು. ಅಳೆಯುವ ಕೈ ಯಾರದ್ದು ಎನ್ನುವುದರಲ್ಲೇ ಎಲ್ಲ ಇದೆ ಎಂದು ಆ ಜನಕ್ಕೆ ಗೊತ್ತಿತ್ತು.

1961ರ ಕಾಯ್ದೆ ಯಾಕೆ ಮುಳುಗಿತು

ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿ 1957ರಲ್ಲಿ ಆಯಿತು, ಅದರ ವರದಿಯ ಮೇಲೆ ಕಾಯ್ದೆ ಆಯಿತು. ವಿಧಾನಸಭೆಯಲ್ಲಿ ಆಗ ಜಮೀನಿದ್ದ ಕುಟುಂಬಗಳವರೇ ಜಾಸ್ತಿ. ಪಕ್ಷ ಯಾವುದೇ ಇರಲಿ. ಕಾಯ್ದೆಯಲ್ಲಿ ಗೇಣಿದಾರರಿಗೆ ರಕ್ಷಣೆ ಇದೆ ಎಂದು ಬರೆದರು. ಅದರ ಪಕ್ಕದಲ್ಲೇ, ಜಮೀನಿನ ಒಡೆಯ "ಸ್ವಂತ ಬೇಸಾಯಕ್ಕೆ" ಭೂಮಿ ವಾಪಸ್ ತೆಗೆದುಕೊಳ್ಳಬಹುದು ಎಂದೂ ಬರೆದರು. ಸ್ವಂತ ಬೇಸಾಯ ಅಂದರೆ ತಾನೇ ನೇಗಿಲು ಹಿಡಿಯಬೇಕು ಅಂತೇನಿಲ್ಲ, ಕೂಲಿಯವರನ್ನು ಇಟ್ಟು ಮಾಡಿಸಿದರೂ ನಡೆಯುತ್ತಿತ್ತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟರು.

ಅದೂ ಅಲ್ಲದೆ ಕಾಯ್ದೆ ಆಗಿ ಜಾರಿಗೆ ಬರುವುದರೊಳಗೆ ವರ್ಷಗಟ್ಟಲೆ ಹೋಯಿತು. ಧಣಿಗಳ ಕಡೆಯವರಿಗೆ ತಯಾರಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕಾ? ಒಕ್ಕಲು "ಖುಷಿಯಿಂದ" ಭೂಮಿ ಬಿಟ್ಟುಕೊಟ್ಟ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆಮಂದಿಯ ಹೆಸರಿಗೆ ಪಾಲು ಮಾಡಿಕೊಂಡರು. ತಕರಾರು ಬಂದರೆ ಹೋಗಬೇಕಾದ್ದು ಮುನ್ಸೀಫ್ ಕೋರ್ಟಿಗೆ. ಅಲ್ಲಿ ವಕೀಲ ಬೇಕು, ಸಾಕ್ಷಿ ಬೇಕು, ದಾಖಲೆ ಬೇಕು, ವಾಯಿದೆ ಮೇಲೆ ವಾಯಿದೆಗೆ ಹೋಗಿ ಬರಲು ಬಸ್ ಚಾರ್ಜು ಬೇಕು. ಧಣಿಗೆ ಇವೆಲ್ಲ ಇದ್ದವು. ಗೇಣಿದಾರನಿಗೆ ಇದ್ದಿದ್ದು ಗದ್ದೆ ಒಂದೇ, ಅದೂ ಬೇರೆಯವರ ಹೆಸರಲ್ಲಿ.

ಈ ಕತೆಯಲ್ಲಿ ನನಗೆ ತುಂಬಾ ಆಸಕ್ತಿ ಹುಟ್ಟಿಸುವುದು ಎರಡು ಗಡಿಗಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆ ಆಯಿತು. ಅಲ್ಲಿಯವರೆಗೆ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಮುಂಬಯಿಯ ಗೇಣಿ ಕಾಯ್ದೆಯ ಪ್ರಕಾರ 1957ರ ಏಪ್ರಿಲ್ 1 "ಉಳುವವರ ದಿನ", ಅವತ್ತಿನಿಂದ ಗೇಣಿದಾರ ಭೂಮಿಯನ್ನು ಕೊಂಡವನು ಎಂದು ಲೆಕ್ಕ. ಐದೇ ತಿಂಗಳು ಮೊದಲು ಮೈಸೂರಿಗೆ ಸೇರಿದ್ದ ಈ ಜಿಲ್ಲೆಗಳಲ್ಲಿ ಆ ದಿನ ಬರಲೇ ಇಲ್ಲ. ಮೈಸೂರು ಸರ್ಕಾರ ಆ ಕಲಂಗಳನ್ನು ತಡೆಹಿಡಿಯಿತು. ನಾಡು ಒಂದಾದ ಸಂತೋಷದಲ್ಲಿ ಅಂಕೋಲಾದ ಗೇಣಿದಾರ ಹದಿನೇಳು ವರ್ಷ ಕಾಯಬೇಕಾಯಿತು. ಈ ಮಾತು ಏಕೀಕರಣದ ಸಂಭ್ರಮದಲ್ಲಿ ಯಾರೂ ಹೇಳುವುದಿಲ್ಲ, ಹೇಳಿದರೆ ಕೆಲವರಿಗೆ ಸಿಟ್ಟೂ ಬರುತ್ತದೆ.

ಇನ್ನೊಂದು ಗಡಿ ತೆಂಕಣದ್ದು. ಕಾಸರಗೋಡು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲ್ಲೂಕು. 1956ರಲ್ಲಿ ಕೇರಳಕ್ಕೆ ಹೋಯಿತು. ಭಾಷೆಯ ದೃಷ್ಟಿಯಿಂದ ಕನ್ನಡಿಗರಿಗೆ ಆದ ನೋವು ಎಲ್ಲರಿಗೂ ಗೊತ್ತಿರುವುದೇ. ಆದರೆ ಅಲ್ಲಿಯ ಗೇಣಿದಾರನಿಗೆ ಕೇರಳದ ಕಾಯ್ದೆಯಿಂದ 1970ರ ಜನವರಿ 1ರಂದೇ ಗೇಣಿಪದ್ಧತಿ ಮುಗಿಯಿತು. ಗುಡಿಸಲು ಹಾಕಿಕೊಂಡಿದ್ದ ಕೂಲಿಯವರಿಗೂ ಪಂಚಾಯ್ತಿ ವ್ಯಾಪ್ತಿಯಲ್ಲಿ 10 ಸೆಂಟ್ಸ್ ತನಕ ಸಿಗುವ ವ್ಯವಸ್ಥೆ ಆಯಿತು. ಮಂಜೇಶ್ವರದಲ್ಲಿ ನೆಂಟರಿದ್ದವರು ಬಂಟ್ವಾಳ, ಪುತ್ತೂರಿನಲ್ಲಿ ಎಷ್ಟು ಜನ ಇಲ್ಲ? ಅದೇ ಮಣ್ಣು, ಅದೇ ಅಡಿಕೆ, ಅದೇ ತುಳು ಮಾತು. ಗಡಿಯ ಆಚೆಯವನು ಒಡೆಯನಾದ, ಈಚೆಯವನು ಒಕ್ಕಲಾಗಿಯೇ ಉಳಿದ. ಇದಕ್ಕೆ ಮಣ್ಣಿನ ಗುಣವಾಗಲಿ ಜನರ ಗುಣವಾಗಲಿ ಕಾರಣ ಎಂದು ಹೇಳಲು ಬರುವುದಿಲ್ಲವಲ್ಲ.

1974: ನಿಯಮ ಬದಲಾಯಿತು

1972ರ ಮಾರ್ಚ್‌ನಲ್ಲಿ ಅರಸು ಮುಖ್ಯಮಂತ್ರಿ ಆದರು. ಲಿಂಗಾಯತರೂ ಅಲ್ಲದ, ಒಕ್ಕಲಿಗರೂ ಅಲ್ಲದ, ತೀರಾ ಸಣ್ಣ ಸಮುದಾಯದ ಮನುಷ್ಯ. ಕುರ್ಚಿ ಗಟ್ಟಿ ಮಾಡಿಕೊಳ್ಳಬೇಕಾದರೆ ಸಣ್ಣ ಸಣ್ಣ ಜಾತಿಗಳನ್ನೆಲ್ಲ ಒಟ್ಟು ಮಾಡಲೇಬೇಕಿತ್ತು. ಅದೇ ವರ್ಷ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದ್ದೂ ಇದೇ ಲೆಕ್ಕದ ಇನ್ನೊಂದು ಭಾಗ. ಕರಾವಳಿಯಲ್ಲಿ ಎಡಪಕ್ಷಗಳ ರೈತ ಚಳವಳಿ ಮೊದಲಿನಿಂದ ಇತ್ತು. ಸಿಪಿಐನ ಬಿ.ವಿ. ಕಕ್ಕಿಲ್ಲಾಯ 1972ರಲ್ಲಿ ಬಂಟ್ವಾಳದಿಂದ ಶಾಸಕರಾಗಿ ಬಂದಿದ್ದರು. ಹಾಗಾಗಿ ತಿದ್ದುಪಡಿಗೆ ಮೇಲಿನಿಂದಲೂ ಒತ್ತಡ, ಕೆಳಗಿನಿಂದಲೂ ಒತ್ತಡ.

ತಿದ್ದುಪಡಿ ಮಾಡಿದ ಮೊದಲ ಕೆಲಸ, ದಿನಾಂಕ ಕಟ್ಟಿದ್ದು. 1974ರ ಮಾರ್ಚ್ 1ಕ್ಕೆ ಸರಿಯಾಗಿ ಹಿಂದೆ ಗೇಣಿಯಲ್ಲಿದ್ದ ಭೂಮಿ ಎಲ್ಲವೂ ಸರ್ಕಾರದ ಪಾಲಾಗುತ್ತದೆ ಎಂದು 44ನೇ ಕಲಂ ಹೇಳಿತು. ಗಮನಿಸಿ, ಗೇಣಿದಾರನಿಗೆ ಕೊಡುತ್ತೇವೆ ಅಂತ ನೇರವಾಗಿ ಹೇಳಲಿಲ್ಲ. ಮೊದಲು ಧಣಿಯ ಕೈಯಿಂದ ಬಿಡಿಸಿ ಸರ್ಕಾರದ ಕೈಗೆ, ಆಮೇಲೆ ಅರ್ಜಿ ಹಾಕಿದ ಗೇಣಿದಾರನಿಗೆ. ಸಣ್ಣ ವ್ಯತ್ಯಾಸದ ಹಾಗೆ ಕಾಣುತ್ತದೆ. ಆದರೆ ಇದರಿಂದ ಧಣಿ ಮತ್ತು ಒಕ್ಕಲು ಎದುರೆದುರು ನಿಂತು ಚೌಕಾಸಿ ಮಾಡುವ ಪ್ರಶ್ನೆಯೇ ಹೋಯಿತು. ಸ್ವಂತ ಬೇಸಾಯಕ್ಕೆ ವಾಪಸ್ ಕೊಡಿ ಅನ್ನುವ ಕಿಟಕಿಯೂ ಮುಚ್ಚಿತು. ಇನ್ನು ಹೆದರಿಸಿ ಎಬ್ಬಿಸಿದರೆ ಭೂಮಿ ತನಗೇ ಉಳಿಯುತ್ತದೆ ಎಂಬ ಖಾತ್ರಿ ಧಣಿಗೆ ಇರಲಿಲ್ಲ.

ಎರಡನೆಯದು, ಭೂ ನ್ಯಾಯಮಂಡಳಿ. ನಮ್ಮ ಕಡೆ ಎಲ್ಲರ ಬಾಯಲ್ಲಿ ಟ್ರಿಬ್ಯೂನಲ್. ಅಧ್ಯಕ್ಷರು ಅಸಿಸ್ಟೆಂಟ್ ಕಮಿಷನರ್ (ಎಸಿ), ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ, ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಅನೇಕ ಕಡೆ ಸ್ಥಳೀಯ ಶಾಸಕರೇ ಸದಸ್ಯರು. ವಕೀಲರಿಗೆ ಮೊದಲು ಪ್ರವೇಶವೇ ಇರಲಿಲ್ಲ (ಮುಂದೆ ಕೋರ್ಟಿನಲ್ಲಿ ಈ ನಿರ್ಬಂಧ ನಿಲ್ಲಲಿಲ್ಲ). ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ಅಪೀಲು ಇಲ್ಲ. ಬೇಕಿದ್ದರೆ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು.

ಅರ್ಜಿ ಅಂದರೆ ಫಾರಂ ನಂಬರ್ 7. ಕರಾವಳಿಯಲ್ಲಿ ಇದಕ್ಕೆ "ಡಿಕ್ಲರೇಶನ್" ಅಂತಲೇ ಹೆಸರು. ಇವತ್ತಿಗೂ ಜಾಗ ಮಾರುವವರು ಕೊಳ್ಳುವವರು "ಅದು ಡಿಕ್ಲರೇಶನ್ ಜಾಗವಾ?" ಅಂತ ಕೇಳುತ್ತಾರೆ. ಸರ್ವೆ ನಂಬರು, ವಿಸ್ತೀರ್ಣ, ಧಣಿಯ ಹೆಸರು, ಗೇಣಿ ಎಷ್ಟು, ಎಷ್ಟು ವರ್ಷದಿಂದ. ಸರ್ವೆ ನಂಬರು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಗದ್ದೆಗೆ ಹೆಸರಿತ್ತು, ನಂಬರು ಇರಲಿಲ್ಲ. ಅರ್ಜಿ ಬರೆದುಕೊಟ್ಟವರು ಶಾಲೆ ಮಾಸ್ತರರು, ಪಕ್ಷದ ಹುಡುಗರು, ಕೆಲವು ಕಡೆ ಶಾನುಭೋಗರು. ಬರೆದುಕೊಡಲು ದುಡ್ಡು ತೆಗೆದುಕೊಂಡವರೂ ಇದ್ದರು ಬಿಡಿ.

ಈಗ ವಿಚಾರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಾಲ್ಲೂಕು ಕಚೇರಿಯ ಒಂದು ಕೋಣೆ. ಜಗಲಿ ತುಂಬ ಜನ. ಮೇಜಿನ ಆಚೆ ಎಸಿ ಮತ್ತು ಸದಸ್ಯರು. ಧಣಿಯ ಕಡೆಯವರ ಮಾಮೂಲಿ ವಾದ, "ಇವನು ಗೇಣಿದಾರ ಅಲ್ಲ, ನಮ್ಮ ಮನೆ ಆಳು. ಕೂಲಿ ಕೊಟ್ಟು ಗದ್ದೆ ಮಾಡಿಸಿದ್ದೇವೆ." ಗೇಣಿದಾರನ ಹತ್ತಿರ ರಸೀದಿ ಇಲ್ಲ. ಮುನ್ಸೀಫ್ ಕೋರ್ಟಿನಲ್ಲಾದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಸದಸ್ಯರು ಕೇಳುವ ಪ್ರಶ್ನೆಗಳೇ ಬೇರೆ. ಮೂಡಕ್ಕೆ ಯಾರ ಜಾಗ, ತೆಂಕಿಗೆ ಏನಿದೆ, ತೋಡಿನ ನೀರು ಯಾವ ಕಡೆಯಿಂದ ಬರುತ್ತದೆ, ಏಣೆಲು (ಮಳೆಗಾಲದ ಬೆಳೆ) ಆದ ಮೇಲೆ ಸುಗ್ಗಿ (ಎರಡನೇ ಬೆಳೆ) ಮಾಡುತ್ತಿದ್ದೀಯಾ, ಎಷ್ಟು ಮುಡಿ ಹೊತ್ತು ಹಾಕಿದೆ, ಯಾರು ಅಳೆದುಕೊಂಡರು. ಉಳುವವನು ಇದಕ್ಕೆಲ್ಲ ಕಣ್ಣು ಮುಚ್ಚಿ ಉತ್ತರ ಹೇಳುತ್ತಾನೆ. ಪೇಟೆಯಲ್ಲಿ ಕೂತ ಧಣಿಯ ಮಗ ತಡವರಿಸುತ್ತಾನೆ. ಪಕ್ಕದ ಗದ್ದೆಯವನು ಬಂದು "ಹೌದು, ಇವನಪ್ಪನ ಕಾಲದಿಂದ ಇವರೇ" ಅಂದರೆ ಅದಕ್ಕೂ ಬೆಲೆ ಇತ್ತು. ಬೇಕಾದರೆ ಸ್ಥಳಕ್ಕೆ ಹೋಗಿ ನೋಡಿ ಮಹಜರು. ಅಂದರೆ ಬಡವನ ಹತ್ತಿರ ಯಾವುದಿತ್ತೋ, ಆ ತಿಳಿವಳಿಕೆಯೇ ಸಾಕ್ಷಿಯಾಯಿತು. ಗೆದ್ದವನಿಗೆ ಕೊನೆಯಲ್ಲಿ ಫಾರಂ ನಂಬರ್ 10, ಹಕ್ಕಿನ ಸರ್ಟಿಫಿಕೇಟು.

ಅದೇ ಮೇಜಿಗೆ ಇನ್ನೊಂದು ಮುಖ ಇದೆ. ಊರಿನ ಸದಸ್ಯರಿಗೆ ಗದ್ದೆ ಯಾರದ್ದು ಎಂದು ಗೊತ್ತಿದ್ದ ಹಾಗೆ ಓಟು ಯಾರದ್ದು ಎಂದೂ ಗೊತ್ತಿತ್ತು. ಶಾಸಕರು ಕೂತ ಕಡೆ ಅವರ ಕಡೆಯವನಾದರೆ ಬೇಗ, ಅಲ್ಲದಿದ್ದರೆ "ಮುಂದಿನ ವಾಯಿದೆಗೆ ಬಾ." ಮೂಲ ದಾಖಲೆ ಸರಿಯಾಗಿ ನೋಡದೆ ಎರಡು ಸಾಲಿನ ಆದೇಶ ಬರೆದ ಪ್ರಕರಣಗಳೂ ಇವೆ, ಮುಂದೆ ಹೈಕೋರ್ಟು ಅಂಥವನ್ನು ರದ್ದು ಮಾಡಿ ವಾಪಸ್ ಕಳಿಸುತ್ತಲೇ ಇತ್ತು. ವೇಗ ಬೇಕು ಎಂದು ಅಪೀಲು ತೆಗೆದರು. ಅಪೀಲು ಇಲ್ಲದ್ದರಿಂದ ಎಲ್ಲ ರಿಟ್ಟಾಗಿ ಬೆಂಗಳೂರಿಗೆ ಹೋಯಿತು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಮಾಡಿದರು, ಕೆಲವೇ ವರ್ಷಗಳಲ್ಲಿ ಅದನ್ನೂ ಎತ್ತಿಬಿಟ್ಟರು. 1974ರ ಅರ್ಜಿ ಅಜ್ಜ ಹಾಕಿ, ಆದೇಶ ಮೊಮ್ಮಗ ಓದಿದ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ.

ಕೊನೆಯ ದಿನಾಂಕದ ಬಗ್ಗೆ ಒಂದು ಮಾತು. ಮೊದಲು 1974ರ ಡಿಸೆಂಬರ್ 31 ಅಂದರು. ಮುಂದೂಡುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಸರ್ಕಾರದ ಸೋಮಾರಿತನ ಎಂದು ಕಾಣಬಹುದು. ನನಗನ್ನಿಸುವುದು, ಮೊದಲ ಆದೇಶಗಳಷ್ಟೇ ಈ ಮುಂದೂಡಿಕೆಯೂ ಕೆಲಸ ಮಾಡಿತು. ಯಾಕೆಂದರೆ ಮೊದಲ ವರ್ಷ ಅರ್ಜಿ ಹಾಕಲು ಜನಕ್ಕೆ ಭಯ. ಧಣಿಯ ಮನೆ ಎಂದರೆ ಬರೀ ಜಮೀನಿನ ಮನೆ ಅಲ್ಲ, ಗುತ್ತಿನ ಮನೆ, ಅಂದರೆ ಊರಿನ ಯಜಮಾನಿಕೆಯ ಮನೆ. ಊರಿನ ದೈವದ ಕೋಲ ನಡೆಸುವುದು ಅದೇ ಮನೆ. ದೈವದ ಮುಂದೆ ನಿಂತು ಧಣಿಯ ಮುಖ ನೋಡಬೇಕು, ಮಗಳ ಮದುವೆಗೆ ಸಾಲ ಅಲ್ಲಿಂದಲೇ ಬರಬೇಕು. "ಉಂಡ ಮನೆಗೆ ಎರಡು ಬಗೆಯುವುದಾ?" ಎಂದು ಹಿಂದೆ ಸರಿದವರು ಬಹಳ. ಪಕ್ಕದ ಮನೆಯವನು ಅರ್ಜಿ ಹಾಕಿ ಗೆದ್ದು, ಅವನಿಗೆ ಏನೂ ಆಗದೆ, ಗದ್ದೆಯಲ್ಲಿ ತನ್ನದೇ ಬೆಳೆ ಕೊಯ್ದದ್ದನ್ನು ನೋಡಿದ ಮೇಲೆ ಧೈರ್ಯ ಬಂತು. ಅಷ್ಟಕ್ಕೂ ಬಾರದವರಿಗೆ 1998ರಲ್ಲಿ ಫಾರಂ 7ಎ ಎಂದು ಇನ್ನೊಂದು ಅವಕಾಶ ಕೊಟ್ಟರು, ಎರಡು ಹೆಕ್ಟೇರ್ ಮಿತಿ ಹಾಕಿ.

ಯಾರಿಗೆ ಸಿಗಲಿಲ್ಲ

ಕಾಯ್ದೆ ಕೇಳಿದ್ದು ಒಂದೇ ಪ್ರಶ್ನೆ, "ನೀನು ಗೇಣಿದಾರನಾ?" ಕರಾವಳಿ, ಉತ್ತರ ಕನ್ನಡ, ಶಿವಮೊಗ್ಗದಲ್ಲಿ ಹೌದು ಅನ್ನುವವರು ಜಾಸ್ತಿ ಇದ್ದರು, ಫಲವೂ ಜಾಸ್ತಿ. ಮಂಡ್ಯ, ತುಮಕೂರು ಕಡೆಯ ಹಳೇ ಮೈಸೂರಿನಲ್ಲಿ ಸ್ವಂತ ಜಮೀನು ತಾವೇ ಉಳುವವರೇ ಹೆಚ್ಚು, ಹಾಗಾಗಿ ಕಾಯ್ದೆ ಬಂದರೂ ಹೋದರೂ ಊರು ಅಲ್ಲಾಡಲಿಲ್ಲ. ಅಲ್ಲಿ ಕೆಲಸ ಮಾಡಬೇಕಾಗಿದ್ದದ್ದು ಭೂಮಿತಿ, ಹೆಚ್ಚುವರಿ ಜಮೀನು ತೆಗೆದು ಭೂಹೀನರಿಗೆ ಕೊಡುವುದು. ಅದರ ಮಿತಿಯೇ ಸಡಿಲ, ಖುಷ್ಕಿಯಾದರೆ 54 ಎಕರೆ ತನಕ ಇಟ್ಟುಕೊಳ್ಳಬಹುದಿತ್ತು. ಅದರ ಫಲ ತೀರಾ ಕಡಿಮೆ. ಒಂದೇ ಕಾಯ್ದೆಯ ಎರಡು ಭಾಗ. ಒಂದಕ್ಕೆ ಅರ್ಜಿ ಹಾಕಲು ಲಕ್ಷಾಂತರ ಜನ ತಾವಾಗಿ ಸಾಲು ನಿಂತರು. ಇನ್ನೊಂದರಲ್ಲಿ "ನನ್ನ ಹತ್ತಿರ ಹೆಚ್ಚು ಇದೆ" ಎಂದು ಜಮೀನುದಾರನೇ ಬಂದು ಹೇಳಬೇಕಿತ್ತು. ಯಾರು ಹೇಳುತ್ತಾರೆ?

ಕರಾವಳಿಯೊಳಗೂ ಎಲ್ಲರಿಗೂ ಸಿಗಲಿಲ್ಲ. ಕೂಲಿಯವರು, ಅದರಲ್ಲೂ ತಲೆಮಾರುಗಳಿಂದ ಒಂದೇ ಮನೆಗೆ ದುಡಿಯುತ್ತಿದ್ದ ಮೂಲದಾಳುಗಳು, ಹೆಚ್ಚಿನವರು ದಲಿತರು, ಕೊರಗರು. ಗೇಣಿದಾರನಿಗಿಂತ ಹೆಚ್ಚು ಹೊತ್ತು ಗದ್ದೆಯಲ್ಲಿ ಇದ್ದವರು ಇವರೇ. ಆದರೆ ಗೇಣಿ ಕೊಟ್ಟವರಲ್ಲ, ಆದ್ದರಿಂದ ಫಾರಂ 7 ಇವರಿಗಲ್ಲ. ಕೃಷಿ ಕೂಲಿಯವರು ವಾಸ ಇದ್ದ ಮನೆಯ ಅಡಿಯ ಜಾಗ ಅವರದೇ ಎನ್ನುವ ಕಲಂ ಒಂದಿತ್ತು, ಅದರ ಲಾಭ ಪಡೆದವರೂ ಇದ್ದಾರೆ. ಉಳಿದಂತೆ ಬಂಟ, ಬಿಲ್ಲವ, ಗೌಡ, ಕ್ರೈಸ್ತ, ಮುಸ್ಲಿಂ ಗೇಣಿದಾರರು ಒಡೆಯರಾದರು. ಹೊಸ ಒಡೆಯನ ಗದ್ದೆಯಲ್ಲಿ ಹಳೇ ಕೂಲಿಯವನು ಹಾಗೆಯೇ ಮುಂದುವರಿದ. ಘೋಷಣೆ ಇದ್ದದ್ದು "ಉಳುವವನೇ" ಅಂತ. ಕಾಯ್ದೆಯಲ್ಲಿ ಇದ್ದದ್ದು ಗೇಣಿ ಕೊಟ್ಟವನು.

ಇನ್ನೊಂದು ಕಡೆಯ ದುಃಖವನ್ನೂ ಹೇಳಬೇಕು. ಸೈನಿಕರು ಮತ್ತು ನಾವಿಕರನ್ನು ಬಿಟ್ಟರೆ ಯಾವ ಭೂಮಾಲಿಕರಿಗೂ ವಿನಾಯಿತಿ ಇರಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಉಣ್ಣುತ್ತಿದ್ದ ವಿಧವೆ, ದೇವಸ್ಥಾನದ ಉಂಬಳಿ ನಂಬಿದ್ದ ಅರ್ಚಕ, ಇವರ ಭೂಮಿಯೂ ಹೋಯಿತು. ದೇವಸ್ಥಾನಗಳಿಗೆ ತಸ್ತೀಕು ಅಂತ ವರ್ಷಕ್ಕಿಷ್ಟು ಬಂತು. ನೂರಾರು ಮುಡಿ ಗೇಣಿ ಬರುತ್ತಿದ್ದ ಮನೆಯನ್ನೂ ಎರಡು ಮುಡಿಯ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದು ತಪ್ಪೇ ಎಂದು ನನ್ನ ಅಭಿಪ್ರಾಯ. ಆದರೆ ವಿನಾಯಿತಿ ಇಟ್ಟಿದ್ದರೆ ದೊಡ್ಡ ಧಣಿಗಳೆಲ್ಲ ಮನೆಯ ವಿಧವೆಯರ ಹೆಸರಿಗೆ ಬರೆಸಿಕೊಳ್ಳುತ್ತಿದ್ದರು, 1961ರ ಕಾಯ್ದೆಯ ಅನುಭವ ಅದೇ ಅಲ್ವಾ. ಸುಲಭದ ಉತ್ತರ ಇಲ್ಲ.

ಹೆಂಗಸರ ವಿಷಯ ಕೇಳಲೇಬೇಡಿ. ಅರ್ಜಿ ಮನೆಯ ಯಜಮಾನನ ಹೆಸರಲ್ಲಿ, ಹಕ್ಕೂ ಅವನ ಹೆಸರಲ್ಲಿ. ಅಳಿಯಕಟ್ಟು ನಡೆಯುತ್ತಿದ್ದ ಊರು ಇದು, ಆಸ್ತಿ ಹೆಣ್ಣಿನ ಕಡೆಯಿಂದ ಹರಿಯುವ ಜಾಗ. ಹಾಗಿದ್ದರೂ ನೇಜಿ (ಭತ್ತದ ಸಸಿ) ನೆಟ್ಟ ಕೈಗಳ ಹೆಸರು ಫಾರಂ 10ರಲ್ಲಿ ಬಂದದ್ದು ಅಪರೂಪ. ಅಣ್ಣನ ಹೆಸರಿಗೆ ಬಂದ ಡಿಕ್ಲರೇಶನ್ ಜಾಗದಲ್ಲಿ ತಮ್ಮ-ತಂಗಿಯರಿಗೆ ಪಾಲು ಇದೆಯಾ ಎನ್ನುವ ದಾವೆಗಳು ಇನ್ನೂ ನಡೆಯುತ್ತಿವೆ.

ಆಮೇಲೆ

ಭೂಮಿ ತನ್ನದು ಎಂದಾದ ಮೇಲೆ ಏನು ಬದಲಾಯಿತು? ಚಾಲಗೇಣಿಯವನು ಅಡಿಕೆ ಸಸಿ ನೆಡುತ್ತಿರಲಿಲ್ಲ. ಫಸಲಿಗೆ ಐದಾರು ವರ್ಷ ಕಾಯಬೇಕು, ಅಷ್ಟರಲ್ಲಿ ಎಬ್ಬಿಸಿದರೆ? ಹಕ್ಕು ಬಂದ ಮೇಲೆ ಗದ್ದೆಯ ಅಂಚು ತೋಟವಾಯಿತು, ಬಾವಿ ಬಂತು, ಪಂಪ್‌ಸೆಟ್ ಬಂತು. 15 ವರ್ಷ ಮಾರುವ ಹಾಗಿಲ್ಲ ಎಂಬ ಷರತ್ತಿತ್ತು, ಆದರೆ ಬ್ಯಾಂಕು ಮತ್ತು ಸಹಕಾರಿ ಸಂಘದಲ್ಲಿ ಅಡ ಇಟ್ಟು ಸಾಲ ತೆಗೆಯಬಹುದಿತ್ತು. ಮಾರಿ ತಿನ್ನುವ ದಾರಿ ಮುಚ್ಚಿ, ಸಾಲ ತಂದು ಬೆಳೆಸುವ ದಾರಿ ತೆರೆದದ್ದು ಜಾಣತನ. ಜೊತೆಗೆ ಈ ಜಿಲ್ಲೆಯ ಅದೃಷ್ಟ, ಬೇರೆ ವ್ಯವಸ್ಥೆಗಳೂ ಇಲ್ಲಿ ತಯಾರಿದ್ದವು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಹುಟ್ಟಿದ್ದೇ ಇಲ್ಲಿ, ಶಾಖೆಗಳು ಹತ್ತಿರ ಇದ್ದವು. ಅಡಿಕೆ ಧಾರಣೆ ಬಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಶುರುವಾಗಿತ್ತು. ಬೆಳೆದದ್ದನ್ನು ಕೊಳ್ಳುವವರು ಇದ್ದರು. ಬರೀ ಹಕ್ಕುಪತ್ರ ಕೊಟ್ಟು ಬ್ಯಾಂಕೂ ಇಲ್ಲ ಮಾರುಕಟ್ಟೆಯೂ ಇಲ್ಲ ಅಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಕಾಣುತ್ತದೆ.

ಧಣಿಗಳ ಮಕ್ಕಳು ಓದಿಗೆ, ಬ್ಯಾಂಕ್ ಕೆಲಸಕ್ಕೆ, ಮುಂಬಯಿಗೆ, ಹೋಟೆಲಿಗೆ ಹೋದರು. ಮೊದಲೂ ಹೋಗುತ್ತಿದ್ದರು, ಈಗ ಊರಲ್ಲಿ ಉಳಿಯಲು ಕಾರಣ ಇನ್ನೂ ಕಡಿಮೆಯಾಯಿತು. "ಡಿಕ್ಲರೇಶನ್‌ನಲ್ಲಿ ಎಲ್ಲ ಹೋಯ್ತು" ಎನ್ನುವ ಮಾತು ಕೆಲವು ದೊಡ್ಡ ಮನೆಗಳಲ್ಲಿ ಇನ್ನೂ ಕೇಳುತ್ತದೆ.

ರಾಜಕೀಯವಾಗಿ ಅರಸು ಅವರಿಗೆ ಇದು 1978ರಲ್ಲಿ ಓಟು ತಂದಿತು. ಆದರೆ 1979ರಲ್ಲಿ ಅವರು ಇಂದಿರಾ ಗಾಂಧಿಯಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋಯಿತು, ಅರಸು ರಾಜೀನಾಮೆ ಕೊಟ್ಟರು. ಭೂಮಿ ಕೊಡಿಸಿದ ಮನುಷ್ಯನಿಗೆ ಭೂಮಿ ಪಡೆದವರ ಓಟು ಬರಲಿಲ್ಲ. ಕೃತಘ್ನತೆ ಎಂದು ಬಯ್ಯಬೇಕಾಗಿಲ್ಲ. ಟ್ರಿಬ್ಯೂನಲ್ ಅರ್ಜಿ ಪಕ್ಷದ ಹುಡುಗರು ಬರೆದುಕೊಟ್ಟಿದ್ದರು, ಮೇಜಿನ ಹಿಂದೆ ಪಕ್ಷದವರು ಕೂತಿದ್ದರು, ಗೋಡೆ ಮೇಲೆ ಇಂದಿರಮ್ಮನ ಪಟ ಇತ್ತು. ಜನಕ್ಕೆ ಕಂಡಿದ್ದು ಅದೇ. ಅರಸು ಕಟ್ಟಿದ್ದು ಸರ್ಕಾರದ ವ್ಯವಸ್ಥೆಯನ್ನು, ತಮ್ಮದೇ ಒಂದು ಸಂಘಟನೆಯನ್ನಲ್ಲ.

ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಎತ್ತಿಹಿಡಿಯಿತು. ಆಮೇಲೆ ಒಂದೊಂದೇ ತಿರುಪು ಸಡಿಲವಾಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದು ಎನ್ನುತ್ತಿದ್ದ 79ಎ, 79ಬಿ ಕಲಂಗಳಲ್ಲಿ ಆದಾಯದ ಮಿತಿ ಏರುತ್ತಾ ಏರುತ್ತಾ 2015ರಲ್ಲಿ 25 ಲಕ್ಷಕ್ಕೆ ಬಂತು, 2020ರಲ್ಲಿ ಆ ಕಲಂಗಳನ್ನೇ ತೆಗೆದುಹಾಕಿದರು. ಜಾಸ್ತಿ ಗದ್ದಲ ಆಗಿದ್ದು ಇದರ ಬಗ್ಗೆ.

ನನಗೆ ಹೆಚ್ಚು ಕಾಡುವುದು ಇನ್ನೂ ಉಳಿದಿರುವ 5ನೇ ಕಲಂ, ಹೊಸದಾಗಿ ಗೇಣಿಗೆ ಕೊಡಬಾರದು ಎನ್ನುವುದು. 1974ರಲ್ಲಿ ಅದು ಗೇಣಿದಾರನ ರಕ್ಷಣೆಗೆ ಬೇಕಿತ್ತು. ಈಗ ಕರಾವಳಿಯಲ್ಲಿ ಅಂದಿನ ಗೇಣಿದಾರರ ಮೊಮ್ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಮಾಡುವವರಿಗೆ ಕೊಡೋಣ ಎಂದರೆ, ಬರೆದು ಕೊಟ್ಟರೆ ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, "ನಾಳೆ ಅವನೇ ಡಿಕ್ಲರೇಶನ್ ಹಾಕಿದರೆ?" ಎಂಬ ಹೆದರಿಕೆ. ಈ ಪ್ರಶ್ನೆ ಕೇಳುವವರ ಅಜ್ಜನೇ ಒಂದು ಕಾಲದಲ್ಲಿ ಡಿಕ್ಲರೇಶನ್ ಹಾಕಿ ಗೆದ್ದವರು. ಹಾಗಾಗಿ ಬಾಯಿಮಾತಿನ ವ್ಯವಹಾರ, ವರ್ಷಕ್ಕೆ ಇಷ್ಟು ಅಂತ. ಮಾಡುವವನಿಗೆ ಬೆಳೆಸಾಲ ಇಲ್ಲ, ವಿಮೆ ಇಲ್ಲ. ನೆರೆ ಬಂದು ಪೈರು ಕೊಚ್ಚಿಹೋದರೆ ಪರಿಹಾರದ ದುಡ್ಡು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಅವರು ಕೊಟ್ಟರೆ ಇವನಿಗುಂಟು.